ಮಹಡಿ ಕಾಯಿಸಿದ ಭಾವ

ಸಿಂಗಾಪುರದಲ್ಲಿ ಕೂತು, ಮನೆಯ ಮಹಡಿ ಬೆಚ್ಚಗಾಗುತ್ತಿಲ್ಲವಲ್ಲ ಎಂದು ವಾರಗಟ್ಟಲೆ ಕೊರಗಿದ ಮನುಷ್ಯ ಒಬ್ಬರೇ ಇರಬೇಕು. ಅವರು ನನ್ನ ಭಾವ, ಅಕ್ಕನ ಗಂಡ. ನಾವೆಲ್ಲ ವರ್ಷಪೂರ್ತಿ ಮನೆ ತಣ್ಣಗಿಡಲು ಹೆಣಗುವ ಊರಿನಲ್ಲಿ ಅವರದೊಂದು ಉಲ್ಟಾ ಚಿಂತೆ. ಅದನ್ನು ನಗುತ್ತಾ ಬರೆಯುವ ಸ್ಥಿತಿಯಲ್ಲಿ ನಾನಿದ್ದೇನಲ್ಲ, ಅದಕ್ಕೂ ಅವರೇ ಕಾರಣ.

ಚಿಂತೆಗೆ ಮೂಲ ನನ್ನ ಮಗಳು. ಬೂನ್ ಲೇಯ ನಮ್ಮ ಫ್ಲ್ಯಾಟಿನಲ್ಲಿ ಬೆಳೆದ ಹುಡುಗಿ ಓದಲು ಉತ್ತರ ಜಪಾನಿಗೆ ಹೋಗಿ, ಇಬ್ಬರು ಗೆಳತಿಯರ ಜೊತೆ ಹಳೆಯ ಮರದ ಮನೆಯೊಂದನ್ನು ಬಾಡಿಗೆಗೆ ಹಿಡಿದಳು. ಕೆಳಗೆ ಒಂದು ಪೆಲೆಟ್ ಸ್ಟವ್. ಮರದ ಹೊಟ್ಟನ್ನು ಒತ್ತಿ ಮಾಡಿದ ಉಗುರುದ್ದದ ತುಂಡುಗಳನ್ನು ತಾನೇ ಸುರಿದುಕೊಂಡು ಉರಿಯುವ ಒಲೆ. ಕೆಳಗೆ ಬನಿಯನ್ನಿನಲ್ಲಿ ಕೂರುವಷ್ಟು ಸೆಕೆ. ಮೇಲೆ, ಮೂವರೂ ಮಲಗುವ ಕೋಣೆಗಳಲ್ಲಿ, ಟೂತ್‌ಪೇಸ್ಟ್ ಟ್ಯೂಬಿನಿಂದ ಹೊರಗೆ ಬರಲು ಒಲ್ಲದು.

ಭಾವ ಜುರಾಂಗ್ ಐಲ್ಯಾಂಡಿನ ಒಂದು ಕಾರ್ಖಾನೆಯಲ್ಲಿ ಕುಲುಮೆಗಳ ಎಂಜಿನಿಯರ್. ಮಗಳು ವಿಡಿಯೋ ಕಾಲ್‌ನಲ್ಲಿ ಗೋಳು ಹೇಳಿಕೊಂಡಾಗ ಬೇರೆಯವರಾಗಿದ್ದರೆ ಪಾಪ ಅನ್ನುತ್ತಿದ್ದರು.

"ಮೆಟ್ಟಿಲು ಎಷ್ಟು?" ಅಂದರು ಭಾವ.

"ಹದಿಮೂರು, ದೊಡ್ಡಪ್ಪ."

"ನಮ್ಮದೂ ಹದಿಮೂರು." ಮೊಮ್ಮಗು ಹುಟ್ಟಿದ ಸುದ್ದಿ ಕೇಳಿದವರ ಹಾಗೆ ಅವರ ಮುಖ ಅರಳಿತು.

ಬುಕಿತ್ ಬಾಟೋಕ್‌ನಲ್ಲಿ ಅವರದು ಒಳಗೇ ಮೆಟ್ಟಿಲಿರುವ ಎರಡಂತಸ್ತಿನ ಫ್ಲ್ಯಾಟು. ಮುಂದಿನ ಭಾನುವಾರ ಊಟಕ್ಕೆಂದು ಕರೆದರು. ಹೋದರೆ ಕಿಟಕಿಗಳೆಲ್ಲ ಬಂದ್, ಫ್ಯಾನುಗಳೆಲ್ಲ ಬಂದ್. ಜಪಾನಿನ ಚಳಿಯ ಬದಲಿಗೆ ಮಹಡಿಯಲ್ಲಿ ಏಸಿ, ಸ್ಟವ್‌ನ ಬದಲಿಗೆ ಕೆಳಗೆ ಹಾಲ್‌ನಲ್ಲಿ ಮುಚ್ಚಳ ತೆಗೆದ ಎರಡು ರೈಸ್ ಕುಕ್ಕರ್. ಗಾಳಿ ಎತ್ತ ಹೋಗುತ್ತದೆಂದು ನೋಡಲು ಮೆಟ್ಟಿಲಿಗೊಂದರಂತೆ ಹದಿಮೂರು ಊದುಬತ್ತಿ. ನಾವು ಬೆವರು ಒರೆಸಿಕೊಳ್ಳುತ್ತಾ ಹೊಗೆ ನೋಡುತ್ತಾ ನಿಂತೆವು. ಪಕ್ಕದ ಮನೆಯ ಚೀನೀ ಆಂಟಿ ಬಾಗಿಲು ತಟ್ಟಿ, "ಟುಡೇ ವಾಟ್ ಫೆಸ್ಟಿವಲ್ ಆ?" ಅಂತ ಕೇಳಿದರು.

"ಇವರ ತಲೆ ಉತ್ಸವ," ಅಂದಳು ಅಕ್ಕ, ಕನ್ನಡದಲ್ಲಿ.

ಪ್ರಯೋಗದ ಫಲಿತಾಂಶ ಇಷ್ಟು: ಬಿಸಿ ಗಾಳಿ ಸೂರಿಗೆ ಅಂಟಿಕೊಂಡು ಮೇಲೆ ಹತ್ತಲು ನೋಡುತ್ತದೆ, ತಣ್ಣನೆಯದು ಮೆಟ್ಟಿಲ ಮೇಲೆ ಜಾರಿ ಇಳಿಯುತ್ತದೆ. ಇಳಿಯುವುದಕ್ಕೆ ನೆರವಾದರೆ ಹತ್ತುವುದಕ್ಕೆ ದಾರಿ. ಹಾಗಾಗಿ ಮೆಟ್ಟಿಲ ಮೇಲ್ತುದಿಯಲ್ಲಿ, ನೆಲದ ಮೇಲೆ, ಕೆಳಮುಖವಾಗಿ ಒಂದು ಫ್ಯಾನ್ ಇಡಬೇಕು.

"ದೊಡ್ಡಪ್ಪ, ನಾನಿಲ್ಲಿ ನಡುಗ್ತಾ ಇದೀನಿ, ನೀವು ಫ್ಯಾನ್ ಹಾಕ್ಕೋ ಅಂತೀರಾ? ಕೆನಾಟ್ ಲಾ."

"ತಣ್ಣನೆ ಗಾಳೀನ ಕೆಳಗೆ ತಳ್ಳಮ್ಮ. ಬಿಸಿದು ತಾನೇ ಬರತ್ತೆ."

"ಜ್ವರ ಬಂದೋರಿಗೆ ಐಸ್‌ಕ್ರೀಮ್ ಬರ್ಕೊಡೋ ಡಾಕ್ಟ್ರು," ಅಂದಳು ಅಕ್ಕ.

ಕೊನೆಗೂ ಮಗಳು ಫ್ಯಾನ್ ಇಟ್ಟಳು. ಒಂಬತ್ತು ಡಿಗ್ರಿ ಇದ್ದ ಅವಳ ಕೋಣೆ ಎರಡೇ ದಿನದಲ್ಲಿ ಹದಿನೇಳಕ್ಕೆ ಏರಿತು. ಅಕ್ಕ ಡಾಕ್ಟ್ರ ಮಾತನ್ನು ವಾಪಸ್ ತೆಗೆದುಕೊಂಡಳು.

ಅಷ್ಟಕ್ಕೇ ಬಿಡುವವರೇ ಭಾವ? ಅವರ ಕಾರ್ಖಾನೆಯಲ್ಲಿ ಒಂದು ಪಾಳಿಯವರು ಮನೆಗೆ ಹೋಗುವ ಮುನ್ನ ಮುಂದಿನವರಿಗೆ ಅಳತೆಗಳನ್ನೆಲ್ಲ ಓದಿ ಒಪ್ಪಿಸಬೇಕಂತೆ. ಅದು ಈಗ ನನ್ನ ಮಗಳಿಗೂ ಬಂತು. ದಿನಾ ಅವಳ ಏಳು ಗಂಟೆಗೆ, ನಮ್ಮ ಆರಕ್ಕೆ, ಭಾವ ಕಂಪನಿ ಬಸ್ಸಿನಲ್ಲಿ ಕೂತಿರುವಾಗ ಫೋನು. ಅವಳು ಕೆಳಗಿಳಿದು ಸ್ಟವ್ ನೋಡಿ, ಮೇಲೆ ಬಂದು ಓದಬೇಕು: ಹೊರಗೆಷ್ಟು, ಕೆಳಗೆಷ್ಟು, ಮೇಲೆಷ್ಟು, ಜ್ವಾಲೆಯ ಬಣ್ಣ ಏನು. ಮಗಳ ದನಿ ಕೇಳುವ ಆಸೆಗೆ ನಾನೂ ಕಾಲ್ ಸೇರುತ್ತಿದ್ದೆ.

"ಒಂದಿನ ಮಿಸ್ ಆದ್ರೆ ಏನಾಗತ್ತೆ, ಭಾವ?"

"ಶಿಫ್ಟ್ ಮುಗಿಯಲ್ಲ."

ಜನವರಿಯ ಒಂದು ಬೆಳಿಗ್ಗೆ ಅವಳು ಓದಿದಳು. "ಕೆಳಗೆ ಇಪ್ಪತ್ತೆರಡು. ಮೇಲೆ... ಕೆಳಗೆ ಇಪ್ಪತ್ತೆರಡು." ಸ್ವಲ್ಪ ತಡೆದು, ಮತ್ತೆ ಅದನ್ನೇ. ನಿದ್ದೆಗಣ್ಣು ಅಂದುಕೊಂಡು ನಾನು ನಕ್ಕೆ. ಭಾವ ನಗಲಿಲ್ಲ.

"ತಲೆನೋವಾ?"

"ಹೂಂ. ಮೂರು ಜನಕ್ಕೂ."

"ಜ್ವಾಲೆ?"

"ಮಬ್ಬು ಕೆಂಪು. ಸ್ಟವ್ ಗಾಜು ಕಪ್ಪಗಾಗಿದೆ."

"ಇಬ್ಬರನ್ನೂ ಎಬ್ಬಿಸು. ಮೂವರೂ ಹೊರಗೆ ಹೋಗಿ. ಶೂ ಬೇಡ, ಕೋಟು ಬೇಡ. ಮೆಟ್ಟಿಲು ಎಣಿಸ್ತಾ ಇಳಿ, ನನಗೆ ಕೇಳಬೇಕು." ಅವರ ದನಿ ಒಂದಿಷ್ಟೂ ಏರಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಅವಳು ಎಣಿಸಿದಳು. ಏಳಕ್ಕೆ ನಿಂತುಬಿಟ್ಟಳು.

"ಎಂಟು ಹೇಳು ಕಂದ," ಅಂದರು ಭಾವ.

ಎಷ್ಟು ಹೊತ್ತು ಕಳೆಯಿತೋ ಹೇಳಲಾರೆ. ನನ್ನ ಕೈಯಲ್ಲಿದ್ದ ಹಾಲಿನ ಪಾತ್ರೆ ಓರೆಯಾಗಿ ಹಾಲು ನೆಲಕ್ಕೆ ಸುರಿಯುತ್ತಿದ್ದದ್ದು ಮಾತ್ರ ನೆನಪಿದೆ. ಎಂಟು ಬಂತು. ಒಂಬತ್ತು ಬಂತು. ಆಮೇಲೆ ಬಾಗಿಲು, ಗಾಳಿಯ ಸದ್ದು, ಮೂವರ ಕೆಮ್ಮು.

ರಾತ್ರಿ ಸುರಿದ ಹಿಮ ಗೋಡೆಯಾಚೆ ಸ್ಟವ್‌ನ ಹೊಗೆ ಕೊಳವೆಯ ಬಾಯಿ ಮುಚ್ಚಿತ್ತು. ವಿಷದ ಗಾಳಿ ಒಳಗೇ ತಿರುಗಿತ್ತು. ಅದನ್ನು ಪತ್ತೆ ಮಾಡುವ ಅಲಾರಂ ಒಂದನ್ನು ಭಾವ ಕಳಿಸಿದ್ದರು. ಪಾರ್ಸೆಲ್ ಇನ್ನೂ ದಾರಿಯಲ್ಲಿತ್ತು. ಆಸ್ಪತ್ರೆಯವರು ಮೂವರಿಗೂ ಮಧ್ಯಾಹ್ನದವರೆಗೆ ಆಮ್ಲಜನಕ ಕೊಟ್ಟು, ಗಾಬರಿ ಬೇಡ ಎಂದು ಕಳಿಸಿಕೊಟ್ಟರು.

ಭಾವ ಅರ್ಧ ದಾರಿಯಲ್ಲೇ ಬಸ್ಸಿಳಿದು ನಮ್ಮ ಮನೆಗೆ ಬಂದಿದ್ದರು. ಸೋಫಾದ ತುದಿಯಲ್ಲಿ ಕೂತು, "ಏಸಿ ಹಾಕಿದೆ, ಕುಕ್ಕರ್ ಇಟ್ಟೆ, ಊದುಬತ್ತಿ ಹಚ್ಚಿದೆ. ಹೊರಗೆ ಹಿಮ ಬೀಳತ್ತೆ ಅನ್ನೋದು ನನ್ನ ತಲೆಗೇ ಬರಲಿಲ್ಲ," ಅಂದರು. ಮಗಳನ್ನು ಉಳಿಸಿಕೊಟ್ಟವರು ನನ್ನೆದುರು ತಪ್ಪೊಪ್ಪಿಕೊಳ್ಳುತ್ತಿದ್ದರು. ಕಾಫಿ ಕೊಟ್ಟೆ. ಅವರು ಕುಡಿಯಲಿಲ್ಲ.

ಮರುದಿನ ರಜೆ ಹಾಕಿ, ನನ್ನ ಗಂಡನ ಎರಡು ಸ್ವೆಟರ್, ಅಕ್ಕನ ಶಾಲು ತೆಗೆದುಕೊಂಡು ವಿಮಾನ ಹತ್ತಿದರು.

ಅದರ ಮಾರನೆಯ ಬೆಳಿಗ್ಗೆ ಆರಕ್ಕೆ ಫೋನು ಬಂತು. ಭಾವ ಪಿಸುಗುಡುತ್ತಿದ್ದರು.

"ಹೊರಗೆ ಮೈನಸ್ ಹನ್ನೊಂದು. ಕೊಳವೆ ಕ್ಲಿಯರ್, ನಾನೇ ಸಲಿಕೆ ಹಿಡಿದು ಬಿಡಿಸಿದೆ. ಕೆಳಗೆ ಇಪ್ಪತ್ತೊಂದು. ಮೇಲೆ ಹದಿನೆಂಟು."

"ಯಾಕೆ ಭಾವ ಇಷ್ಟು ಮೆಲ್ಲಗೆ?"

"ಅವಳ ಬಾಗಿಲ ಹತ್ರ ಕೂತಿದೀನಿ. ಮಗು ಮಲಗಿದೆ."

"ಯಾವಾಗಿಂದ ಕೂತಿದೀರಿ?"

"ಬರ್ಕೋ," ಅಂದರು. "ಉಸಿರು ಸರಿಯಾಗಿದೆ."

ಕೈಗೆ ಸಿಕ್ಕಿದ ಪೆನ್ನು ತೆಗೆದುಕೊಂಡು ಬರೆದುಕೊಂಡೆ.