ನಾನು ಮಲಗಿದಾಗ ನಿಲ್ಲುವ ಗಡಿಯಾರದವರಿಗೆ

ಪಿಂಚಣಿ ಕಚೇರಿಯ ಕಂಪ್ಯೂಟರಿನಲ್ಲಿ ನೆಲೆಸಿ, ನನ್ನ ಹದಿನೆಂಟು ತಿಂಗಳುಗಳನ್ನು ಎಣಿಸಿದ ಗಡಿಯಾರದವರ ಸನ್ನಿಧಾನಕ್ಕೆ, ಮಿಲ್ಡುರಾ ಊರಿನ ರೊವೀನಾ ಹ್ಯಾಲೋರನ್ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾನು ಕ್ಷೇಮವಾಗಿಲ್ಲ, ಆದರೆ ಹಾಗೆಂದು ಹೇಳಿದ ಕೂಡಲೇ ನಿಂತುಬಿಡುವ ಸ್ವಭಾವ ತಮ್ಮದಾದ್ದರಿಂದ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಈಗ ತಮ್ಮ ಎಣಿಕೆ ಮುಗಿದಿರುವುದರಿಂದ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ಈ ಪತ್ರದ ಒಂದು ಪ್ರತಿ ನಮ್ಮೂರಿನ ಪತ್ರಿಕೆಗೂ ಹೋಗುತ್ತಿದೆ, ತಾವು ಅನ್ಯಥಾ ಭಾವಿಸಬಾರದು.

ತಮಗೆ ನನ್ನ ಸಂಖ್ಯೆ ಮಾತ್ರ ಗೊತ್ತು, ಆದ್ದರಿಂದ ಎರಡು ಮಾತಿನ ಪರಿಚಯ. ವಯಸ್ಸು ನಲವತ್ತೇಳು. ಹತ್ತೊಂಬತ್ತು ವರ್ಷ ಈ ಊರಿನ ಶಾಲಾ ಬಸ್ಸು ಓಡಿಸಿದ್ದೇನೆ, ಒಂದು ಮಗುವನ್ನೂ ತಪ್ಪು ಗೇಟಿನಲ್ಲಿ ಇಳಿಸಿಲ್ಲ. ಆರು ವರ್ಷದ ಹಿಂದೆ ಲೂಪಸ್ ಎಂಬ ಕಾಯಿಲೆ ಬಂತು. ಮೈಯನ್ನು ಕಾಯಬೇಕಾದ ಕಾವಲುಗಾರನೇ ಮನೆಯವರನ್ನು ಹಿಡಿದು ಬಡಿಯುವ ಕಾಯಿಲೆ. ಕೀಲುಗಳನ್ನು ಬಡಿದಾದ ಮೇಲೆ ಅವನೀಗ ಮೂತ್ರಪಿಂಡಗಳಿಗೆ ಕೈ ಹಾಕಿದ್ದಾನೆ. ಬಿಸಿಲು ಬಿದ್ದರೆ ವಾರಗಟ್ಟಲೆ ಹಾಸಿಗೆ. ಮಿಲ್ಡುರಾದಲ್ಲಿ ಬಿಸಿಲಿಗೆ ಬರವಿಲ್ಲವೆಂಬುದು ತಮಗೂ ತಿಳಿದಿರಬೇಕು.

ಹೀಗಾಗಿ ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿದೆ. ನನ್ನಿಂದ ಕೆಲಸ ಆಗದು ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು, ಮೂರು ವರ್ಷದೊಳಗೆ ಒಟ್ಟು ಹದಿನೆಂಟು ತಿಂಗಳು ಕೆಲಸ ಹುಡುಕಿ ತೋರಿಸಬೇಕು ಎಂದು ಉತ್ತರ ಬಂತು. ಈಜು ಬಾರದವಳು ಮೊದಲು ಹದಿನೆಂಟು ತಿಂಗಳು ನೀರಿನಲ್ಲಿದ್ದು ಬರಲಿ, ಆಮೇಲೆ ದಡದಲ್ಲಿ ಜಾಗ ಕೊಡುವ ವಿಚಾರ ಮಾಡೋಣ ಎಂಬ ಈ ದೂರದೃಷ್ಟಿಗೆ ನಾನು ಆಗಲೇ ತಲೆಬಾಗಿದ್ದೆ.

ಕೆಲಸ ಹುಡುಕಿಸುವ ಕಚೇರಿಯಲ್ಲಿ ನನ್ನನ್ನು ಟ್ಯಾಮ್ಸಿನ್ ಎಂಬ ಹುಡುಗಿಗೆ ಒಪ್ಪಿಸಿದರು. ಬಹಳ ಒಳ್ಳೆಯವಳು, ಪ್ರತಿ ಸಲವೂ ನನಗೆ ಕುರ್ಚಿ ಎಳೆದುಕೊಡುತ್ತಿದ್ದಳು. ಮೊದಲ ದಿನವೇ, "ಕಿತ್ತಳೆ ಕೀಳೋ ಕೆಲಸ ಖಾಲಿ ಇದೆ ರೊವೀನಾ. ಬಿಸಿಲಾಗಲ್ಲ ಅಂದ್ರಲ್ಲ, ಅದಕ್ಕೇನಂತೆ, ದೊಡ್ಡ ಟೋಪಿ ಹಾಕ್ಕೊಂಡ್ ಹೋಗಿ," ಎಂದಳು. ದೊಡ್ಡ ಟೋಪಿ ಹಾಕಿಕೊಂಡೇ ಹೋದೆ. ಒಂದೂವರೆ ಮರ ಮುಗಿಸುವಷ್ಟರಲ್ಲಿ ಏಣಿಯ ಮೇಲಿಂದ ನನ್ನನ್ನು ಇಳಿಸಿಕೊಳ್ಳಬೇಕಾಯಿತು.

ಇಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಯಿತು, ಮಾನ್ಯರೇ, ಒಪ್ಪಿಕೊಳ್ಳುತ್ತೇನೆ. ಪ್ರಾಮಾಣಿಕಳಾಗಿ ನಡೆದುಕೊಂಡೆ. ಹಾಸಿಗೆ ಹಿಡಿದಾಗಲೆಲ್ಲ ವೈದ್ಯರಿಂದ ಪ್ರಮಾಣಪತ್ರ ತಂದು ಒಪ್ಪಿಸಿದೆ. ಟ್ಯಾಮ್ಸಿನ್ "ಥ್ಯಾಂಕ್ಸ್" ಅಂದು ಮೊಹರು ಒತ್ತಿದಳು. ವರ್ಷ ತುಂಬಿದ ದಿನ ಅರ್ಧ ದಾರಿ ದಾಟಿದ ಖುಷಿಯಲ್ಲಿ ಹೋದರೆ, ತಾವು ಐದು ತಿಂಗಳನ್ನಷ್ಟೇ ತೋರಿಸುತ್ತಿದ್ದಿರಿ.

"ಬೇಜಾರ್ ಮಾಡ್ಕೋಬೇಡಿ," ಎಂದಳು ಟ್ಯಾಮ್ಸಿನ್. "ಸರ್ಟಿಫಿಕೇಟ್ ಕೊಟ್ಟ ದಿನಗಳು ಲೆಕ್ಕಕ್ಕೆ ಬರಲ್ಲ. ಹುಷಾರಿಲ್ದೆ ಇದ್ದಾಗ ನೀವು ಕೆಲಸ ಹುಡುಕ್ತಾ ಇರ್ಲಿಲ್ವಲ್ಲ, ಅದಕ್ಕೇ ಗಡಿಯಾರ ನಿಂತುಬಿಡತ್ತೆ."

"ಅಲ್ಲಮ್ಮಾ, ಹುಷಾರಾಗಿದ್ರೆ ಈ ಪಿಂಚಣಿ ನಂಗ್ಯಾಕೆ ಬೇಕಿತ್ತು?" ಎಂದೆ.

"ಅದು ಬೇರೆ ವಿಭಾಗದೋರು ನೋಡ್ಕೋತಾರೆ," ಎಂದು ಕುರ್ಚಿಯಿಂದ ಏಳಲು ಕೈ ಕೊಟ್ಟಳು.

ಪಕ್ಕದ ಮನೆಯ ಕಾರ್ಮೆಲಾಳಿಗೆ ಇದನ್ನು ಹೇಳಿದೆ. ಎಂಬತ್ತೊಂದರ ಹೆಂಗಸು, ದ್ರಾಕ್ಷಿ ತೋಟದಲ್ಲೇ ಸೊಂಟ ಬಾಗಿಸಿಕೊಂಡವಳು. ನನಗೆ ಸೂಪು ತಂದುಕೊಡುತ್ತಾಳೆ, ಜೊತೆಗೆ ಬೈಗುಳವನ್ನೂ. "ಹುಚ್ಚು ಬಿಡೋವರ್ಗೂ ಮದ್ವೆ ಆಗಲ್ಲ, ಮದ್ವೆ ಆಗೋವರ್ಗೂ ಹುಚ್ಚು ಬಿಡಲ್ಲ ಅಂದಂಗಾಯ್ತಲ್ಲೇ! ಇದನ್ನ ಮಾಡಿದೋನು ಯಾವನೇ ಅವ್ನು? ಒಂದಿನ ನನ್ನ ಕೈಗೆ ಕೊಡು," ಎಂದಳು. ತಮ್ಮ ಪರವಾಗಿ ನಾನು ಕ್ಷಮೆ ಕೇಳಿದೆ.

ನಿಜ ಹೇಳಬೇಕೆಂದರೆ ತಮ್ಮಷ್ಟು ಸಹಾನುಭೂತಿಯನ್ನು ನನಗೆ ಯಾರೂ ತೋರಿಸಿಲ್ಲ. ನಾನು ಮಲಗಿದರೆ ತಾವೂ ಮಲಗುತ್ತಿದ್ದಿರಿ, ಎದ್ದರೆ ಏಳುತ್ತಿದ್ದಿರಿ. ಬಿಟ್ಟುಹೋದ ಗಂಡ ಕೂಡ ಇಷ್ಟು ಹತ್ತಿರದಿಂದ ನೋಡಿಕೊಂಡವನಲ್ಲ. ಆದರೆ ಮೂರು ವರ್ಷದ ಗಡುವು ಮೀರಿದರೆ ಹಳೆಯ ದಿನಗಳು ಲೆಕ್ಕದಿಂದ ಒಂದೊಂದಾಗಿ ಉದುರಿಹೋಗುತ್ತವೆಂದು ತಿಳಿದಾಗ, ತಮ್ಮನ್ನು ಎಚ್ಚರವಾಗಿಡಲು ನಾನು ಕಾಗದದ ಮೇಲೆ ಕಾಯಿಲೆ ಬೀಳುವುದನ್ನೇ ಬಿಟ್ಟೆ. ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ನರಕ್ಕೆ ಔಷಧಿ ಏರಿಸುವ ದಿನ, ಸೂಜಿ ಚುಚ್ಚಿದ ಕೈಯನ್ನು ದಿಂಬಿನ ಮೇಲಿಟ್ಟು ಇನ್ನೊಂದು ಕೈಯಿಂದ ಫೋನಿನಲ್ಲಿ ನಾಲ್ಕು ಕೆಲಸಗಳಿಗೆ ಅರ್ಜಿ ಹಾಕುತ್ತಿದ್ದೆ. ಇಟ್ಟಿಗೆ ಹೊರುವುದಕ್ಕೂ ಹಾಕಿದ್ದೇನೆ.

ವೈದ್ಯ ಹೆಮಿ ಮೂತ್ರಪಿಂಡದಿಂದ ಒಂದು ಚೂರು ತೆಗೆದು ಪರೀಕ್ಷಿಸಬೇಕೆಂದರು, ಆಮೇಲೆ ಎರಡು ವಾರ ವಿಶ್ರಾಂತಿ ಎಂದರು. ಎರಡು ವಾರವೆಂದರೆ ಪ್ರಮಾಣಪತ್ರ, ಪ್ರಮಾಣಪತ್ರವೆಂದರೆ ತಮ್ಮ ನಿದ್ರೆ. ಪರೀಕ್ಷೆಯನ್ನು ಮೂರು ಸಲ ಮುಂದಕ್ಕೆ ಹಾಕಿದೆ. "ನೋಡಿ ತಾಯಿ, ನೀವು ಕಾಯ್ತೀರಿ, ಕಾಯಿಲೆ ಕಾಯಲ್ಲ," ಎಂದರು ಅವರು. ಅವರು ಹೇಳಿದಂತೆಯೇ ಆಯಿತು. ಹೋದ ವರ್ಷ ನೂರಕ್ಕೆ ಅರವತ್ತರಷ್ಟು ಕೆಲಸ ಮಾಡುತ್ತಿದ್ದ ಮೂತ್ರಪಿಂಡಗಳು ಈಗ ಮೂವತ್ತೊಂದರಷ್ಟು ಮಾಡುತ್ತವೆ. ನನಗೆ ಭಯವಾಗಿದೆ, ಮಾನ್ಯರೇ. ಸಿಟ್ಟೂ ಬಂದಿದೆ, ಅದರಲ್ಲಿ ಅರ್ಧ ನನ್ನ ಮೇಲೆಯೇ.

ಕೊನೆಗೂ ಗಡುವಿಗೆ ಒಂಬತ್ತು ದಿನ ಮೊದಲೇ ಹದಿನೆಂಟು ತಿಂಗಳು ತುಂಬಿದವು. ಪಿಂಚಣಿಯ ತೀರ್ಪು ಸೋಮವಾರ ಕೈಸೇರಿತು. ಅರ್ಜಿದಾರರು ಇತ್ತೀಚಿನ ತಿಂಗಳುಗಳಲ್ಲಿ ಒಂದು ದಿನವೂ ಅನಾರೋಗ್ಯದ ಕಾರಣ ನೀಡದೆ ಅತ್ಯುತ್ತಮವಾಗಿ ಭಾಗವಹಿಸಿರುವುದರಿಂದ, ಅವರು ವಾರಕ್ಕೆ ಇಪ್ಪತ್ತಮೂರು ಗಂಟೆ ದುಡಿಯಲು ಶಕ್ತರೆಂದು ಸಾಬೀತಾಗಿದೆ, ಅರ್ಜಿ ತಿರಸ್ಕರಿಸಲಾಗಿದೆ ಎಂದು ಬರೆದಿದ್ದಾರೆ. ಅಭಿನಂದನೆಗಳನ್ನೂ ತಿಳಿಸಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನದೊಂದು ಸಣ್ಣ ಕೋರಿಕೆ. ಒಂದು ಕಾಗದ ಕಂಡ ಮಾತ್ರಕ್ಕೆ ಇದ್ದಲ್ಲೇ ನಿಂತುಬಿಡುವ ಆ ವಿದ್ಯೆಯನ್ನು ದಯಮಾಡಿ ನನ್ನ ಕಾಯಿಲೆಗೂ ಕಲಿಸಿಕೊಡಬೇಕು. ಪ್ರಮಾಣಪತ್ರ ಎಷ್ಟು ಪ್ರತಿ ಬೇಕೋ ಅಷ್ಟು ತರುತ್ತೇನೆ, ಮೊಹರನ್ನು ಟ್ಯಾಮ್ಸಿನ್ ಒತ್ತಿಕೊಡುತ್ತಾಳೆ.

ಇನ್ನೂ ನೂರಕ್ಕೆ ಮೂವತ್ತೊಂದರಷ್ಟು ತಮ್ಮ ವಿಶ್ವಾಸಿ,
ರೊವೀನಾ ಹ್ಯಾಲೋರನ್

ಮರೆತ ಮಾತು: ಆಸ್ಪತ್ರೆಯ ಹಾಸಿಗೆಯಿಂದ ಹಾಕಿದ ಅರ್ಜಿಗಳಲ್ಲಿ ಒಂದು ತಮ್ಮದೇ ಕಚೇರಿಯ ದೂರವಾಣಿ ಗುಮಾಸ್ತೆಯ ಕೆಲಸಕ್ಕಾಗಿತ್ತು, ವಾರಕ್ಕೆ ಇಪ್ಪತ್ತೇ ಗಂಟೆ. ಅದರ ಉತ್ತರವೂ ಸೋಮವಾರದ ಅಂಚೆಯಲ್ಲೇ ಬಂದಿದೆ: ತಮ್ಮ ವೈದ್ಯರು ನನ್ನ ಕಡತ ನೋಡಿ, ಇವರು ಯಾವ ಕೆಲಸಕ್ಕೂ ಯೋಗ್ಯರಲ್ಲ ಎಂದು ಬರೆದಿದ್ದಾರೆ. ಎರಡೂ ಪತ್ರಗಳನ್ನು ಒಟ್ಟಿಗೆ ಪಿನ್ನು ಹಾಕಿ ಲಗತ್ತಿಸಿದ್ದೇನೆ, ತಮ್ಮತಮ್ಮಲ್ಲೇ ಮಾತಾಡಿಕೊಂಡು ಯಾವುದು ನಿಜವೆಂದು ತಿಳಿಸಿ. ಅವಸರವೇನಿಲ್ಲ. ಗುರುವಾರ ನಾನು ಮೂತ್ರಪಿಂಡದ ಆ ಪರೀಕ್ಷೆಗೆ ಹೋಗುತ್ತಿದ್ದೇನೆ. ಬೇಕಾದರೆ ತಾವು ನಿಂತುಬಿಡಿ.