ಬಲಗಡೆ ಹೂ ಬೀಳುವ ತನಕ

ಆ ದಿನ ಬೆಟ್ಟದ ಮೇಲೆ ಕರಡಿಯೇನಾದರೂ ನಮ್ಮ ದೊಡ್ಡಪ್ಪನನ್ನು ಪರಚಿ ಹಾಕಿದ್ದರೆ ನಾನು ಕರಡಿಯ ಪರವಾಗಿಯೇ ಸಾಕ್ಷಿ ಹೇಳುತ್ತಿದ್ದೆ! ಇವಳೆಂಥ ಮಗಳು ಎಂದು ನೀವು ಹುಬ್ಬೇರಿಸಬಹುದು. ಏರಿಸಿ. ಪೂರ್ತಿ ಕೇಳಿದ ಮೇಲೆ ನೀವೂ ನನ್ನ ಪಕ್ಕದಲ್ಲೇ ಬಂದು ನಿಲ್ಲುತ್ತೀರಿ. ಇವತ್ತಿಗೂ ಅಡುಗೆಮನೆಯಲ್ಲಿ ಎಣ್ಣೆ ಕಾದ ವಾಸನೆ ಬಂದರೆ ನನ್ನ ಕಾಲು ತಾನಾಗಿಯೇ ಹೊರಬಾಗಿಲ ಕಡೆ ತಿರುಗುತ್ತದೆ. ಯಾರಿಂದ? ಈ ಮಹಾನುಭಾವರಿಂದ!

ದೊಡ್ಡಪ್ಪನದು ಮಧುಗಿರಿಯಲ್ಲಿ ಗ್ರಂಥಿಗೆ ಅಂಗಡಿ. ಕರ್ಪೂರ, ವಿಭೂತಿ, ಅಳಲೆಕಾಯಿ ಕಟ್ಟಿಕೊಡುವ ನಡುವೆ ಮೊಬೈಲಿನಲ್ಲಿ ಬ್ಲಾಗು ಬರೆಯುತ್ತಾರೆ. ಸುತ್ತಲಿನ ತಾಲ್ಲೂಕುಗಳಲ್ಲಿ ಪೂಜೆ ನಿಂತುಹೋದ ಗುಡಿಗಳ ಬಗ್ಗೆ ಮಾತ್ರ. ಅವನ್ನೇ ಸೇರಿಸಿ ಎರಡು ಪುಸ್ತಕ ಬೇರೆ ಮಾಡಿದ್ದಾರೆ. ಬರೆಯಲಿ, ಬೇಡವೆಂದವರು ಯಾರು? ಚೆನ್ನಾಗಿಯೇ ಬರೆಯುತ್ತಾರೆ. ನನ್ನ ತಕರಾರು ಇರುವುದು ಅವರ ಸಂಪಾದಕರ ಬಗ್ಗೆ. ಯಾರು ಆ ಸಂಪಾದಕರು ಅಂದಿರಾ? ಸಾಕ್ಷಾತ್ ಆಯಾ ಗುಡಿಯ ದೇವರು!

ಕ್ರಮ ಹೀಗೆ. ಬರಹ ಮುಗಿದ ಮೇಲೆ ಅದೇ ಗುಡಿಗೆ ಹೋಗಬೇಕು. ಕಸ ಗುಡಿಸಿ, ದೇವರಿಗೆ ನೀರೆರೆದು, ದೀಪ ಹಚ್ಚಿ, ಒದ್ದೆ ಕಲ್ಲಿನ ಎರಡೂ ಬದಿಗೆ ಹೂ ಅಂಟಿಸಬೇಕು. ಆಮೇಲೆ ಬರೆದದ್ದನ್ನು ದೇವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಬ್ಲಾಗಿಗೆ ಹಾಕಬಹುದು. ಎಡಗಡೆಯದು ಬಿದ್ದರೆ ತಿದ್ದಬೇಕು. ಏನೂ ಬೀಳದಿದ್ದರೆ ದೇವರು ಯೋಚಿಸುತ್ತಿದ್ದಾನೆ ಎಂದರ್ಥ, ಕಾಯಬೇಕು. ಮದುವೆಗೆ, ಬೋರ್‌ವೆಲ್ಲಿಗೆ ಹೂ ಪ್ರಸಾದ ಕೇಳುವವರನ್ನು ಕಂಡಿದ್ದೇನೆ. ಬ್ಲಾಗಿಗೆ ಕೇಳುವವರು ಇವರೊಬ್ಬರೇ!

ಕೊರಟಗೆರೆ ಕಡೆಯ ಒಬ್ಬ ದೇವರಂತೂ ಒಂದೇ ಬರಹಕ್ಕೆ ಮತ್ತೆ ಮತ್ತೆ ಎಡಗಡೆಯ ಹೂವನ್ನೇ ಬೀಳಿಸಿದ. ದೊಡ್ಡಪ್ಪ ಪ್ರತಿ ಸಲವೂ ಬಸ್ಸಿನಲ್ಲಿ ಹಿಂದಿರುಗಿ, ‘ಪರಮಪಾವನ’, ‘ದಿವ್ಯ’, ‘ಭವ್ಯ’ಗಳನ್ನೆಲ್ಲ ಕಿತ್ತುಹಾಕಿ, ಮತ್ತೆ ಬಸ್ಸು ಹತ್ತಿದರು. ಬರಹ ಒಂದೇ ಪುಟಕ್ಕೆ ಇಳಿದಾಗ ಬಲಗಡೆ ಬಿತ್ತು.

“ನೋಡ್ದಾ ಪುಟ್ಟಿ, ಅವನಿಗೆ ಹೊಗಳಿದ್ರೆ ಆಗಲ್ಲ ಕಣಮ್ಮ” ಎಂದು ಹೆಮ್ಮೆಯಿಂದ ಹೇಳಿದರು.

ಒಳಗಿನಿಂದ ದೊಡ್ಡಮ್ಮ ಬಂದರು. “ಉದ್ದುದ್ದ ಮಾತಾಡ್ಬೇಡಿ ಅಂತ ಮದ್ವೆ ಆದಾಗಿಂದ ನಾನೂ ಬಡ್ಕೊಂಡೆ. ನನ್ ತಲೇಲೂ ಹೂ ಐತೆ. ಅದು ಬಿದ್ರೆ ಮಾತ್ರ ಯಾರೂ ಕಣ್ಣೆತ್ತಿ ನೋಡಲ್ಲ!”

ಅವರ ಎರಡನೇ ಪುಸ್ತಕ ಅಚ್ಚು ಮಾಡಿದ ಸಿರಾದ ಪ್ರೆಸ್ಸಿನ ಸಾಹೇಬರ ಪಾಡು ಇನ್ನೂ ಕಷ್ಟದ್ದು. ಕೊನೆಯ ಬರಹಕ್ಕೆ ದೇವರ ಒಪ್ಪಿಗೆ ಸಿಗದೆ ಅಚ್ಚಿನ ಕೆಲಸವೇ ನಿಂತುಹೋಗಿತ್ತು. “ಅರೆ ಸ್ವಾಮಿ, ಮಷಿನ್ ಖಾಲಿ ನಿಂತೈತೆ. ನಿಮ್ ದೇವ್ರಿಗೆ ಒಂದು ಫೋನ್ ಹಾಕಿ, ಜಲ್ದಿ ಮಾಡಪ್ಪಾ ಅನ್ನಿ” ಎಂದು ಸಾಹೇಬರು ಗೋಳಾಡಿದರೆ, ದೊಡ್ಡಪ್ಪ ಗಂಭೀರವಾಗಿ, “ಆ ಗುಡ್ಡದಲ್ಲಿ ನೆಟ್‌ವರ್ಕ್ ಇಲ್ಲ ಸಾಹೇಬ್ರೆ” ಎಂದರಂತೆ!

ನಗಬೇಡಿ. ಮುಂದಿನದು ನಗುವ ವಿಷಯವಲ್ಲ.

ನಿಡುಗಲ್ಲಿನ ಆಚೆ ಬಂಡೆಗಳ ನಡುವೆ ಒಂದು ಒಂಟಿ ಗುಡಿಯಿದೆ. ಹೋದ ಬೇಸಿಗೆಯಲ್ಲಿ ಅಲ್ಲಿಗೆ ಫೋಟೋ ತೆಗೆಯಲೆಂದು ನನ್ನನ್ನು ಕರೆದೊಯ್ದರು. ಬೆಟ್ಟದ ಬುಡದಲ್ಲಿ ಮೇಕೆ ಹೊಡೆದುಕೊಂಡು ಬರುತ್ತಿದ್ದ ಹೆಂಗಸೊಬ್ಬಳು ದೊಡ್ಡಪ್ಪನ ಕೈಯಲ್ಲಿದ್ದ ಕಡಲೆಕಾಯಿ ಎಣ್ಣೆ ಬಾಟಲಿ ನೋಡಿ ಗಾಬರಿಯಾದಳು.

“ಅಯ್ಯೋ ದೇವುಡಾ! ಎಣ್ಣೆ ಇಡ್ಕೊಂಡು ಈ ಹೊತ್ನಾಗೆ ಯಾಕೆ ಹೋಗ್ತೀರಾ ಸಾಮೀ? ಎಲುಗುಬಂಟಿ ಐತೆ, ಕರಡಿ!”

“ಗೊತ್ತಮ್ಮ, ಗೊತ್ತು” ಎಂದು ದೊಡ್ಡಪ್ಪ ಮೆಟ್ಟಿಲು ಹತ್ತಿದರು.

ಗೊತ್ತು! ನನ್ನ ಸಿಟ್ಟೆಲ್ಲ ಆ ಒಂದು ಮಾತಿನ ಮೇಲೆ. ಕರಡಿ ಗುಡಿಗೆ ನುಗ್ಗಿ ದೀಪದೆಣ್ಣೆ ಕುಡಿಯುತ್ತದೆ ಎನ್ನುವುದು ನಮ್ಮ ಸೀಮೆಯ ಮಗುವಿಗೂ ಗೊತ್ತು. ಇವರಂತೂ ಕರಡಿಯೂ ಭಕ್ತನೇ ಎಂದು ಅದರ ಮೇಲೊಂದು ಬ್ಲಾಗನ್ನೇ ಬರೆದಿದ್ದಾರೆ! ಗೊತ್ತಿಲ್ಲದೆ ಹೋದವರನ್ನು ಕ್ಷಮಿಸಬಹುದು. ಗೊತ್ತಿದ್ದೂ ಬಾಟಲಿ ತುಂಬಾ ಎಣ್ಣೆ ಹೊತ್ತವರನ್ನು ಏನು ಮಾಡುವುದು?

ಗುಡಿಯೆಂದರೆ ಒಂದೇ ಒಂದು ಕಲ್ಲಿನ ಕೋಣೆ, ಕದವಿಲ್ಲದ ಒಂದು ಬಾಗಿಲು. ದೊಡ್ಡಪ್ಪ ಲಿಂಗಕ್ಕೆ ನೀರೆರೆದು, ಹೂ ಅಂಟಿಸಿ ಓದಿದರು. ಹೂ ಬೀಳಲಿಲ್ಲ. ಮತ್ತೆ ಓದಿದರು. ಊಹೂಂ.

“ದೊಡ್ಡಪ್ಪ, ಹೊತ್ತು ಮುಳುಗ್ತಾ ಇದೆ. ಒಂಚೂರೂ ಗಾಳಿ ಇಲ್ಲ, ಹೂ ಹೆಂಗೆ ಬೀಳುತ್ತೆ?”

“ಗಾಳಿಗೆ ಬೀಳೋದಾಗಿದ್ರೆ ಫ್ಯಾನ್ ತರ್ತಿದ್ದೆ. ಸುಮ್ನಿರು. ಅವನಿಗೆ ಬೆಳಕು ಸಾಲ್ದು.”

ಹೀಗೆಂದವರೇ ಹೊಸಲಿನುದ್ದಕ್ಕೂ ಹಣತೆಗಳನ್ನಿಟ್ಟು, ಬಾಟಲಿಯಲ್ಲಿದ್ದಷ್ಟೂ ಎಣ್ಣೆ ಸುರಿದು ಹಚ್ಚಿದರು. ಕರಡಿಗೆ ಎಲೆ ಹಾಕಿ ಬಡಿಸಿದ ಹಾಗೆ!

ಮತ್ತೆ ಓದು ಶುರುವಾಯಿತು. ಹೊರಗೆ ಯಾರೋ ಮುದುಕರು ಮೂಗಿನಲ್ಲಿ ಉಸಿರೆಳೆದಂಥ ಸದ್ದು. ತಿರುಗಿದೆ. ಬಾಗಿಲಲ್ಲಿ ಕರಿ ಕಂಬಳಿಯೊಂದು ನಿಂತಿತ್ತು. ಕಂಬಳಿಗೆ ಉಗುರುಗಳಿದ್ದವು.

ದೊಡ್ಡಪ್ಪ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದು, ದೇವರಿಗೇ ಒರಗಿಸಿ, ತಾವು ಅಡ್ಡ ನಿಂತರು. ಕರಡಿ ಒಂದು ಹಣತೆಯನ್ನು ಪಂಜದಿಂದ ಉರುಳಿಸಿ ನೆಕ್ಕಿತು. ಇನ್ನೊಂದನ್ನು ನೆಕ್ಕಿತು. ಆ ನಾಲಿಗೆಯ ಚಪ್ಪರಿಕೆ ಈಗಲೂ ನನ್ನ ಕಿವಿಯಲ್ಲಿದೆ. ಹಣತೆಗಳೆಲ್ಲ ಬರಿದಾದ ಮೇಲೆ ಅದು ತಲೆ ಎತ್ತಿತು. ಇನ್ನು ಎಣ್ಣೆ ಉಳಿದಿದ್ದದ್ದು ದೊಡ್ಡಪ್ಪನ ಎರಡು ಕೈಗಳಿಗೆ ಮೆತ್ತಿದ್ದು ಮಾತ್ರ. ಕರಡಿ ಹೊಸಲು ದಾಟಿ ಒಂದು ಹೆಜ್ಜೆ ಒಳಗಿಟ್ಟಿತು. ನಾನು ಅವರ ಅಂಗಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ದೊಡ್ಡಪ್ಪ ಅಲ್ಲಾಡಲಿಲ್ಲ.

ಅಷ್ಟರಲ್ಲಿ ನನ್ನ ಕಾಲು ತಗುಲಿ ನೀರಿನ ಹಿತ್ತಾಳೆ ಚೊಂಬು ಢಣಢಣ ಎಂದು ಬಾಗಿಲ ಕಡೆ ಉರುಳಿತು. ಕರಡಿ ಬೆಚ್ಚಿ, ಗುರುಗುಟ್ಟಿ, ತಿರುಗಿ ಬಂಡೆಗಳ ಸಂದಿಗೆ ಇಳಿದುಹೋಯಿತು.

ನಾನು ಅಳಬೇಕೋ ಓಡಬೇಕೋ ತಿಳಿಯದೆ ನಿಂತಿದ್ದೆ. ದೊಡ್ಡಪ್ಪ ನಿಧಾನಕ್ಕೆ ತಿರುಗಿದರು. ದೇವರನ್ನು ನೋಡಿ ಅವರು ಆಡಿದ ಮೊದಲ ಮಾತು ಏನು ಗೊತ್ತೇ?

“ಹೂವೆಲ್ಲಿ? ಯಾವ ಕಡೆ ಬಿತ್ತು?”

ಹೂ ನನ್ನ ಬೆನ್ನಿಗೆ ಅಂಟಿಕೊಂಡಿತ್ತು! ಎರಡೂ!

ಬೆಟ್ಟ ಇಳಿಯುವಷ್ಟೂ ಹೊತ್ತು ನಾನು ಕೂಗಾಡಿದೆ. ನಿಮಗೆ ಜೀವ ಹೆಚ್ಚೋ ಬ್ಲಾಗು ಹೆಚ್ಚೋ? ಏನಾದರೂ ಆಗಿದ್ದರೆ ದೊಡ್ಡಮ್ಮನಿಗೆ ನಾನು ಏನೆಂದು ಹೇಳಬೇಕಿತ್ತು? ನಿಮ್ಮ ದೇವರು ಬಂದು ಹೇಳುತ್ತಿದ್ದನೇ?  ಅವರು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರು. ಪಾವಗಡ ದಾಟಿದ ಮೇಲೆ ಮೆಲ್ಲಗೆ ಬಾಯಿಬಿಟ್ಟರು.

“ಪುಟ್ಟಿ, ಅದು ಒಳಗೆ ಕಾಲಿಡ್ತಲ್ಲ, ಆಗ ದೇವರನ್ನ ಕೂಗೋಣ ಅಂತ ಬಾಯಿ ತೆಗ್ದೆ. ಒಂದು ಹೆಸ್ರೂ ಬರ್ಲಿಲ್ಲ ಕಣಮ್ಮ. ಶಿವಾ ಅನ್ನೋದೂ ಮರ್ತೋಗ್ಬುಡ್ತು. ಬರೀ ಪುಟ್ಟಿ, ಪುಟ್ಟಿ ಅಂತ ನಿನ್ ಹೆಸ್ರೇ ಒಳಗೆಲ್ಲ. ಇಷ್ಟು ವರ್ಷ ದೇವರ ಬಗ್ಗೆ ಬರ್ದೋನು ನಾನು... ಇನ್ನು ಯಾವ ಮುಖ ಇಟ್ಕೊಂಡು ಬರೀಲಿ?”

ನನ್ನಲ್ಲಿ ಇನ್ನೂ ಒಂದು ಮೂಟೆ ಬೈಗುಳ ಉಳಿದಿತ್ತು. ಉಳಿಯಲಿ ಅಂದುಕೊಂಡೆ. ತೊಡೆಯ ಮೇಲಿದ್ದ ಅವರ ಕೈಗಳಿಗೆ ಎಣ್ಣೆ ಇನ್ನೂ ಹಾಗೇ ಮೆತ್ತಿಕೊಂಡಿತ್ತು. ದುಪಟ್ಟಾದ ತುದಿಯಿಂದ ಆ ಎಣ್ಣೆಬೆರಳುಗಳನ್ನು ಒಂದೊಂದಾಗಿ ಒರೆಸಿದೆ. ಮಧುಗಿರಿ ಬರುವವರೆಗೂ ಒರೆಸುತ್ತಲೇ ಇದ್ದೆ.