ಸಿಲಿಂಡರ್ ಹೊತ್ತ ಸೂಪರ್‌ಹೀರೋ

"ಉಪಕಾರ ಮಾಡಿ ಹೆಸರು ಹೇಳದೆ ಹೋಗಾಂವನೇ ಖರೇ ಹೀರೋ! ನಾಳಿಂದ ನಾನೂ ಹಂಗ!"

ಹುಮನಾಬಾದಿನಲ್ಲಿ ಸೂಪರ್‌ಹೀರೋ ಸಿನಿಮಾ ನೋಡಿ ಬಸವಕಲ್ಯಾಣಕ್ಕೆ ಮರಳುವ ಬಸ್ಸಿನಲ್ಲಿ ವೈಜಿನಾಥ ಹೀಗೆ ಘೋಷಿಸಿದಾಗ ಕಂಡಕ್ಟರ್ ಕೂಡ ತಿರುಗಿ ನೋಡಿದ. ಹೆಂಡತಿ ಸುಮನಬಾಯಿ ಮಾತ್ರ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

"ಮನ್ಯಾಗ ಒಂದ್ ಬಲ್ಬ್ ಹಾಕಿದ್ರ ಓಣಿಗೆಲ್ಲ ಡಂಗುರ ಹೊಡೀತೀರಿ. ನಿಮ್ಮ ಬಾಯಾಗ ಗುಟ್ಟು ನಿಲ್ತದೇನ್ರಿ?"

"ನೋಡ್ತಿರು ನೀ!"

ಮರುದಿನವೇ ಧರ್ಮಸಂಸ್ಥಾಪನೆಯ ಅವಕಾಶ ಒದಗಿತು. ಎದುರುಮನೆಯ ಮೆಟ್ಟಿಲ ಬುಡದಲ್ಲಿ ತುಂಬಿದ ಗ್ಯಾಸ್ ಸಿಲಿಂಡರೊಂದು ಅನಾಥವಾಗಿ ನಿಂತಿತ್ತು. ಮಹಡಿಯ ಮುದುಕಿ ವಜೀರಬಿ ಅದನ್ನು ಹೇಗೆ ಮೇಲೆ ಹೊತ್ತೊಯ್ದಾಳು? ವೈಜಿನಾಥ ಟವೆಲಿನಿಂದ ಮುಖ ಮುಚ್ಚಿದ. ಸಿಲಿಂಡರ್ ಹೆಗಲೇರಿತು. ಸೊಂಟ ಹಾಹಾಕಾರ ಮಾಡಿತು, ಮಂಡಿ ಶರಣಾಯಿತು, ವೀರ ಮಾತ್ರ ಹಿಮ್ಮೆಟ್ಟಲಿಲ್ಲ! ಅವಳ ಬಾಗಿಲ ಮುಂದಿಳಿಸಿ, ಕದ ತಟ್ಟದೆ, ಬೆಕ್ಕಿನಂತೆ ಇಳಿದು ತನ್ನ ಅಂಗಡಿಗೆ ಹೋದ. ದಿನವಿಡೀ ಯಾರಿಗೂ ಹೇಳಲಿಲ್ಲ. ಯಾರೂ ಕೇಳಲಿಲ್ಲ ಎಂಬುದೇ ಸಂಕಟ!

ಸಂಜೆ ಬಂದರೆ ಓಣಿಯಲ್ಲಿ ಜನ ಕೂಡಿತ್ತು. ನಡುವೆ ಗ್ಯಾರೇಜಿನ ನದೀಮ್, ಕೈಯಲ್ಲಿ ಖೀರಿನ ಬಟ್ಟಲು.

"ಸಿಲಿಂಡರ್ ಒಬ್ಬನೇ ಹೊತ್ತಾನ! ಶೇರ್ ಅದಾನ, ಸಿಂಹ!" ವಜೀರಬಿ ಅವನ ದೃಷ್ಟಿ ತೆಗೆದು ನೆಟಿಗೆ ಮುರಿದಳು.

"ಇರ್ಲಿ ಬಿಡ್ರಿ ಖಾಲಾ," ನದೀಮ್ ನಾಚಿದ.

ವೈಜಿನಾಥನ ಎದೆಯೊಳಗೆ ಕುಕ್ಕರ್ ಸೀಟಿ ಹೊಡೆಯಿತು. ಸೊಂಟ ತನ್ನದು, ಖೀರು ಅವನಿಗೆ! ಬಾಗಿಲಲ್ಲಿ ನಿಂತ ಸುಮನಬಾಯಿ 'ಬ್ಯಾಡ, ಬ್ಯಾಡ' ಎಂದು ಕಣ್ಸನ್ನೆ ಮಾಡುತ್ತಿದ್ದಳು. ಅವನೆಲ್ಲಿ ನೋಡಿದ!

"ಖಾಲಾ! ಅದನ್ನ ಹೊತ್ತಾಂವ ನಾನು!"

ಓಣಿಯ ತಲೆಗಳೆಲ್ಲ ಅವನತ್ತ ತಿರುಗಿದವು.

"ನೀವೇನು?" ಕೆಳಗಿನ ಮನೆಯ ಮೆಹರೀನ್ ಸೌಟು ಹಿಡಿದೇ ಮುಂದೆ ಬಂದಳು. "ನನ್ನ ಸಿಲಿಂಡರ್ ಮ್ಯಾಲ ಒಯ್ದವ್ರು ನೀವೇನ್ರಿ? ಮನಿ ತುಂಬ ಮೆಹಮಾನ್ರು, ಒಲಿ ಬಂದ್! ಹುಡುಕಿ ಹುಡುಕಿ ಸಾಕಾತು. ಕಡೀಗೆ ನದೀಮ್ ನೋಡಿ ಕೆಳಗ ಹೊತ್ಕೊಂಡು ಬಂದ!"

"ನಂದು ನಿನ್ನೇನೇ ಬಂದದ, ಭಾಯಿ," ವಜೀರಬಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ವೀರ ಮನೆ ಸೇರಿ ಬೋರಲು ಮಲಗಿದ. ಸುಮನಬಾಯಿ ಸೊಂಟಕ್ಕೆ ಎಣ್ಣೆ ತಿಕ್ಕತೊಡಗಿದಳು.

"ನಿನಗ ಮೊದಲೇ ಗೊತ್ತಿತ್ತೇನು?"

"ನೀವು ಹೊರೂದು ನೋಡೀನ್ರಿ. ಯಾರು ಒಯ್ದಾರ ಅಂತ ಓಣಿ ಎಲ್ಲಾ ಕೇಳಾಕತ್ತಿತ್ತು, ನಾ ತುಟಿ ಬಿಚ್ಚಲಿಲ್ಲ. ಸಂಜೀತನ ನಿಮ್ಮ ಮರ್ಯಾದಿ ಕಾಪಾಡೀನಿ. ಆದ್ರ ನಿಮ್ಮನ್ನ ನಿಮ್ಮ ಬಾಯಿಂದ ಕಾಪಾಡೋ ಹೀರೋ ಇನ್ನೂ ಯಾವ ಸಿನಿಮಾದಾಗೂ ಹುಟ್ಟಿಲ್ಲ ನೋಡ್ರಿ!"